ಎಲಿಜಬೆತ್ ಪಾರ್ಕರ್ ಹೊಲಿದದ್ದನ್ನು ಕೊನೆಯವರೆಗೂ ಓದಿ: ವಿ ಅಂಡ್ ಎ ಮ್ಯೂಸಿಯಂನ ಆನ್‌ಲೈನ್ ಸಂಗ್ರಹದ ಬಗ್ಗೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನ ಸಂಗ್ರಹವನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ದುಡ್ಡು ಕೊಡಬೇಕಿಲ್ಲ. ಮನೆಯಲ್ಲೇ ಕೂತು ನೋಡಬಹುದು. 12 ಲಕ್ಷಕ್ಕಿಂತ ಜಾಸ್ತಿ ವಸ್ತುಗಳ ವಿವರ ಅಲ್ಲಿದೆ. ಅಷ್ಟರಲ್ಲಿ ನಾನು ಹೇಳಹೊರಟಿರುವುದು ಒಂದೇ ಒಂದು ಬಟ್ಟೆಯ ಬಗ್ಗೆ, ಯಾಕೆಂದರೆ ಈ ಸೇವೆ ಎಷ್ಟು ಒಳ್ಳೆಯದು ಅಂತ ತಿಳಿಯಲು ಅದೊಂದು ಸಾಕು. ಎಲಿಜಬೆತ್ ಪಾರ್ಕರ್ ಎಂಬ ಹುಡುಗಿ 1830ರ ಸುಮಾರಿಗೆ ಹೊಲಿದ ಸ್ಯಾಂಪ್ಲರ್ ಅದು. ಮ್ಯೂಸಿಯಂ ಅದಕ್ಕೆ ಕೊಟ್ಟ ಸಂಖ್ಯೆ ಟಿ.6-1956. ಅವಳ ಹೆಸರಿನ ಜೊತೆ ಸ್ಯಾಂಪ್ಲರ್ ಅಂತ ಸೇರಿಸಿ ಹುಡುಕಿದರೂ ಸಿಗುತ್ತದೆ. ಹೊಲಿಗೆ, ಕಸೂತಿ, ಇತಿಹಾಸ, ಹೆಣ್ಣುಮಕ್ಕಳ ಬದುಕು, ಇವುಗಳಲ್ಲಿ ಯಾವುದರ ಮೇಲೆ ಆಸಕ್ತಿ ಇದ್ದರೂ ಒಂದು ಸಂಜೆ ಬಿಡುವು ಮಾಡಿಕೊಂಡು ಇದನ್ನು ನೋಡಿ. ಮೊದಲೇ ಒಂದು ಮಾತು: ಇದರಲ್ಲಿ ದೌರ್ಜನ್ಯದ ವಿಷಯ ಇದೆ, ಸಾಯಬೇಕು ಅನ್ನಿಸಿದ ಮಾತೂ ಇದೆ. ಮನಸ್ಸು ಸರಿ ಇಲ್ಲದ ದಿನ ಒಬ್ಬರೇ ಕೂತು ಓದಬೇಡಿ.

ಸ್ಯಾಂಪ್ಲರ್ ಅಂದರೆ ಹೊಲಿಗೆ ಕಲಿಯುವ ಹುಡುಗಿಯರು ಮಾಡುತ್ತಿದ್ದ ಮಾದರಿ ಬಟ್ಟೆ. ಇಂಗ್ಲೆಂಡಿನಲ್ಲಿ ನೂರಾರು ವರ್ಷ ನಡೆದುಬಂದ ರೂಢಿ. ಇಂಗ್ಲಿಷ್ ಅಕ್ಷರಮಾಲೆ, ಅಂಕಿಗಳು, ಒಂದು ಮನೆ, ಎರಡು ಗಿಡ, ನಾಲ್ಕು ಹಕ್ಕಿ, ಸುತ್ತಲೂ ಹೂಬಳ್ಳಿಯ ಅಂಚು, ಬೈಬಲ್ಲಿನ ಕೆಲವು ಸಾಲು, ಕೊನೆಗೆ ಹುಡುಗಿಯ ಹೆಸರು, ವಯಸ್ಸು, ವರ್ಷ. ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಏರಿಸುತ್ತಿದ್ದರು. ಎಲಿಜಬೆತ್ ಹೊಲಿದ ಬಟ್ಟೆಯಲ್ಲಿ ಈ ಯಾವ ಅಲಂಕಾರವೂ ಇಲ್ಲ. ಲಿನನ್ ಬಟ್ಟೆ, ಕೆಂಪು ರೇಷ್ಮೆ ದಾರ, ಕ್ರಾಸ್ ಸ್ಟಿಚ್. ಮೇಲಿನಿಂದ ಶುರುವಾಗಿ ಸಾಲಿನ ಮೇಲೆ ಸಾಲು ಬರೀ ಬರಹ. 46 ಸಾಲು, 1,700ಕ್ಕೂ ಹೆಚ್ಚು ಪದ. ಕ್ರಾಸ್ ಸ್ಟಿಚ್ ಗೊತ್ತಿಲ್ಲದವರಿಗೆ ಹೇಳುವುದಾದರೆ ನಮ್ಮ ಕಸೂತಿಯ ಮೆಂತಿ ಹೊಲಿಗೆ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ: ಬಟ್ಟೆಯ ಎಳೆ ಎಣಿಸಿ ಎಣಿಸಿ ಒಂದರ ಮೇಲೊಂದು ಅಡ್ಡ ಗೆರೆ ಹಾಕುತ್ತ ಹೋಗುವುದು.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಬಟ್ಟೆಯ ಅಗಲ 74.4 ಸೆಂಟಿಮೀಟರ್, ಉದ್ದ 85.8. ಸಾಲಿಗೆ ಸರಾಸರಿ 37 ಪದ ಬಂತು. ಪದಗಳ ನಡುವಿನ ಜಾಗ ಬಿಟ್ಟರೆ ಒಂದೊಂದು ಅಕ್ಷರಕ್ಕೆ ಅರ್ಧ ಸೆಂಟಿಮೀಟರ್ ಕೂಡ ಸಿಗುವುದಿಲ್ಲ. ಆ ಪುಟ್ಟ ಜಾಗದಲ್ಲಿ ಒಂದು ಅಕ್ಷರ ಮೂಡಬೇಕಾದರೆ ಹತ್ತಾರು ಸಲ ಸೂಜಿ ಮೇಲೆ ಬರಬೇಕು, ಕೆಳಗೆ ಹೋಗಬೇಕು. ಪೆನ್ನಿನಲ್ಲಿ ತಪ್ಪಾದರೆ ಗೀಚಿ ಮುಂದೆ ಹೋಗಬಹುದು, ಇಲ್ಲಿ ಬಿಚ್ಚಬೇಕು, ಬಿಚ್ಚಿದರೆ ಬಟ್ಟೆಯ ಎಳೆ ಸಡಿಲವಾಗುತ್ತದೆ. ಸೂಜಿ ಹಿಡಿದು ಗೊತ್ತಿರುವ ಯಾರಿಗೇ ಆದರೂ ಈ 46 ಸಾಲು ನೋಡಿದಾಗ ಮೊದಲು ಕಣ್ಣು, ಆಮೇಲೆ ಬೆನ್ನು ನೋಯುತ್ತದೆ. ಇದು ಸಿಟ್ಟಿನಲ್ಲಿ ಒಂದೇ ಉಸಿರಿಗೆ ಕಾರಿಕೊಂಡ ಮಾತಲ್ಲ. ಒಂದೊಂದು ಪದವನ್ನೂ ಎಣಿಸಿ ಕೂರಿಸಿದ್ದಾಳೆ. ಎರಡನೆಯ ಪದ ಮುಗಿಯುವ ಹೊತ್ತಿಗೆ ಬೇಡ ಅನ್ನಿಸಿದ್ದರೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ.

ಇದನ್ನೆಲ್ಲ ಪರದೆಯ ಮೇಲೆ ನೋಡಲು ಆಗುತ್ತದಾ ಅಂದರೆ, ಆಗುತ್ತದೆ. ಈ ಸೇವೆಯ ದೊಡ್ಡ ಗುಣವೇ ಅದು. ಚಿತ್ರವನ್ನು ಹಿಗ್ಗಿಸಿದರೆ ಸಾಲುಗಳು ಕಣ್ಣೆದುರಿಗೆ ಬರುತ್ತವೆ. ಜೊತೆಗೆ ಬಟ್ಟೆಯ ಮೇಲಿರುವ ಬರಹವನ್ನು ಪೂರ್ತಿ ಅಕ್ಷರಕ್ಕಿಳಿಸಿ ಕೊಟ್ಟಿದ್ದಾರೆ, ಅವಳ ಕಾಗುಣಿತ ಹೇಗಿತ್ತೋ ಹಾಗೆ. ತಪ್ಪುಗಳನ್ನು ತಿದ್ದಿ ಚಂದ ಮಾಡಲು ಹೋಗಿಲ್ಲ, ಅದು ನನಗೆ ತುಂಬ ಹಿಡಿಸಿತು. ಅವಳ ದನಿ ಇರುವುದೇ ಆ ಉದ್ದ ವಾಕ್ಯಗಳಲ್ಲಿ, ನಿಲ್ಲದೆ ಮುಂದೆ ಮುಂದೆ ಹೋಗುವ ಆ ಓಟದಲ್ಲಿ. ತಿದ್ದಿದ್ದರೆ ಅದು ಹೋಗುತ್ತಿತ್ತು.

ಎಲ್ಲವೂ ಇಂಗ್ಲಿಷಿನಲ್ಲಿದೆ, ಅದೂ ಇನ್ನೂರು ವರ್ಷದ ಹಿಂದಿನ ಹಳ್ಳಿಯ ಹುಡುಗಿಯ ಇಂಗ್ಲಿಷ್, ಬೈಬಲ್ಲಿನ ಮಾತು ಬೇರೆ ಬೆರೆತಿದೆ. ನಿಧಾನಕ್ಕೆ, ಗಟ್ಟಿಯಾಗಿ ಓದಿಕೊಂಡರೆ ಅರ್ಥವಾಗುತ್ತದೆ. ಆದರೂ ಓದುವ ಮೊದಲು ಕಥೆ ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅವಳು ಶುರು ಮಾಡುವುದು ಹೀಗೆ: ನನಗೆ ಬರೆಯಲು ಬಾರದ ಕಾರಣ, ನನ್ನ ಕುಂದುಗಳನ್ನೆಲ್ಲ ಸಹಿಸಿಕೊಳ್ಳುವ, ಪೂರ್ತಿ ನಂಬಬಹುದಾದ ಆಪ್ತರೊಬ್ಬರ ಹತ್ತಿರ ಮಾತಾಡುವ ಹಾಗೆ ಇದನ್ನು ಸರಳವಾಗಿ, ಮನಬಿಚ್ಚಿ ಹೇಳುತ್ತೇನೆ. ಆಮೇಲೆ ನೇರ ತನ್ನ ಕಥೆಗೆ ಇಳಿಯುತ್ತಾಳೆ. ಸಸೆಕ್ಸ್ ಕೌಂಟಿಯ ಆಶ್‌ಬರ್ನ್‌ಹ್ಯಾಮ್‌ನಲ್ಲಿ 1813ರಲ್ಲಿ ಹುಟ್ಟಿದವಳು. ಬಡವರು, ದೈವಭಕ್ತರು ತಂದೆತಾಯಿ. ತಂದೆ ಅಲ್ಲಿನ ಅರ್ಲ್‌ನ, ಅಂದರೆ ಬಿರುದು ಪಡೆದ ದೊಡ್ಡ ಜಮೀನ್ದಾರನ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರು. ತಾಯಿ ಅದೇ ಅರ್ಲ್‌ನ ಹೆಂಡತಿ ನಡೆಸುತ್ತಿದ್ದ ಧರ್ಮದ ಶಾಲೆ (ಬಡ ಮಕ್ಕಳಿಗೆ ದಾನದ ಹಣದಲ್ಲಿ ನಡೆಯುವ ಶಾಲೆ) ನೋಡಿಕೊಳ್ಳುತ್ತಿದ್ದವರು. ಅಣ್ಣ, ತಮ್ಮ, ಅಕ್ಕ, ತಂಗಿಯರ ಹೆಸರನ್ನು ಒಂದೊಂದಾಗಿ ಹೊಲಿಯುತ್ತಾಳೆ, ಆ ಸಾಲಿನ ಮಧ್ಯದಲ್ಲೇ ತನ್ನ ಹೆಸರೂ ಬಂದುಹೋಗುತ್ತದೆ. ದೊಡ್ಡ ಸಂಸಾರ. ಆದರೂ ಅಪ್ಪ ಅಮ್ಮ ದುಡಿದು ನಮ್ಮನ್ನು ಚೆನ್ನಾಗಿ ಸಾಕಿದರು ಅನ್ನುತ್ತಾಳೆ.

13 ವರ್ಷಕ್ಕೆ ಮನೆ ಬಿಟ್ಟು ಕೆಲಸಕ್ಕೆ ಹೋದಳು. ಮೊದಲ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಒಳ್ಳೆಯ ಜನ. ಸುಮಾರು ಒಂದು ವರ್ಷದ ಮೇಲೆ ಆ ಮನೆ ಬಿಟ್ಟಳು, ಬಿಟ್ಟದ್ದಕ್ಕೆ ಜೀವಮಾನವಿಡೀ ಕೊರಗುವ ಹಾಗೆ ಬರೆಯುತ್ತಾಳೆ. ಯಾಕೆಂದರೆ ಮುಂದೆ ಸೇರಿದ್ದು ಫೇರ್‌ಲೈಟ್‌ನಲ್ಲಿ ಒಬ್ಬ ಲೆಫ್ಟಿನೆಂಟ್‌ನ ಮನೆಗೆ. ಹೇಸ್ಟಿಂಗ್ಸ್ ಪಕ್ಕದ ಕಡಲತೀರದ ಊರು ಅದು. ಅಲ್ಲಿ ನಡೆದದ್ದನ್ನು ಹೇಳಲಾರದಷ್ಟು ಕ್ರೂರ ಅನ್ನುತ್ತಾಳೆ. ಯಜಮಾನನ ಕೆಟ್ಟ ಉದ್ದೇಶದಿಂದ ತಪ್ಪಿಸಿಕೊಳ್ಳಲು ಹೋಗಿದ್ದಕ್ಕೆ ಮೆಟ್ಟಿಲ ಮೇಲಿಂದ ಕೆಳಗೆ ತಳ್ಳಿದರು ಅಂತಷ್ಟೇ ಬರೆದು ಮುಂದೆ ಹೋಗುತ್ತಾಳೆ. ಮುಂದಿನ ಮಾತು ನನಗೆ ಅದಕ್ಕಿಂತ ಕಷ್ಟವಾಯಿತು. ಮನೆಗೆ ವಾಪಸ್ ಬಂದಳು, ಯಾರಿಗೂ ಹೇಳಲಿಲ್ಲ. ಒಳ್ಳೆಯ ಮನೆ, ಒಳ್ಳೆಯ ಕೆಲಸ, ಇವಳ ಸ್ವಭಾವವೇ ಸರಿ ಇಲ್ಲ ಅಂತ ಅವಳ ಕಡೆಯವರೇ ಬೈದರು. ಅದನ್ನೂ ಬಾಯಿಮುಚ್ಚಿ ಕೇಳಿಕೊಂಡಳು.

ಹೇಳಿಬಿಡಬಾರದಿತ್ತಾ ಅಂತ ಕೇಳುವವರು ಇರುತ್ತಾರೆ. ಅವಳ ಕಾಲದ ಕೆಲಸದ ಹುಡುಗಿಯರ ಸ್ಥಿತಿ ಸ್ವಲ್ಪ ಯೋಚಿಸಿ. ಕೆಲಸದ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಹಿಂದಿನ ಯಜಮಾನರು ಈ ಹುಡುಗಿ ಒಳ್ಳೆಯವಳು ಅಂತ ಒಂದು ಮಾತು ಬರೆದು ಕೊಡದಿದ್ದರೆ ಮುಂದಿನ ಮನೆಯಲ್ಲಿ ಕೆಲಸ ಸಿಗುವುದು ತೀರ ಕಷ್ಟ. ಅಪ್ಪನ ಕೂಲಿ ಒಬ್ಬ ಅರ್ಲ್‌ನ ಕೈಯಲ್ಲಿ, ಅಮ್ಮನ ಶಾಲೆ ಅವನ ಹೆಂಡತಿಯ ಕೈಯಲ್ಲಿ. ಹದಿನಾಲ್ಕು ಹದಿನೈದರ ಹುಡುಗಿ ಒಬ್ಬ ಅಧಿಕಾರಿಯ ಮೇಲೆ ದೂರು ಹೇಳಿದರೆ ಯಾರು ನಂಬುತ್ತಿದ್ದರು?

ಮತ್ತೆ ಕೆಲಸಕ್ಕೆ ಹೋದಳು. ಈ ಸಲ ಕ್ಯಾಟ್ಸ್‌ಫೀಲ್ಡ್‌ನಲ್ಲಿ ಒಬ್ಬ ಕರ್ನಲ್‌ನ ಮನೆಯ ಅಡುಗೆಮನೆಗೆ. ಅಲ್ಲಿ ಚೆನ್ನಾಗಿಯೇ ನೋಡಿಕೊಂಡರು. ಆದರೆ ಒಳಗೆ ಕೂತಿದ್ದು ಬಿಡಬೇಕಲ್ಲ. ನೆನಪು ಕೈಕೊಟ್ಟಿತು, ಬುದ್ಧಿ ಹಿಡಿತ ತಪ್ಪಿತು ಅನ್ನುತ್ತಾಳೆ. ಆ ಮನೆಯ ಯಜಮಾನಿ ಅವಳನ್ನು ಬೈದು ಓಡಿಸಲಿಲ್ಲ. ತಂದೆತಾಯಿಯ ಹತ್ತಿರ ಕಳಿಸಿ, ಡಾಕ್ಟರನ್ನು ಕರೆಸಿದರು. ಸಾಯುವ ಯೋಚನೆ ಬಂದಿತ್ತು ಅನ್ನುವುದನ್ನು ಎಲಿಜಬೆತ್ ಮುಚ್ಚಿಡುವುದಿಲ್ಲ. ಆ ಡಾಕ್ಟರ್ ಅವಳನ್ನು ಹೆಸರು ಹಿಡಿದು ಕರೆದು, ಹಾಗೆ ಮಾಡಬೇಡ, ದೇವರು ಕೊಟ್ಟ ಜೀವ ಅದು ಅಂತ ಹೇಳಿದ್ದು ಎದೆಯಲ್ಲಿ ಭಯದ ಚಳಿ ಹೊಡೆದ ಹಾಗಾಯಿತು ಅಂತ ಬರೆಯುತ್ತಾಳೆ. ಇಲ್ಲಿಂದ ಮುಂದೆ ಕಥೆ ಕಡಿಮೆ, ಪ್ರಾರ್ಥನೆ ಜಾಸ್ತಿ. ತನ್ನ ತಪ್ಪು, ತನ್ನ ಪಾಪ, ದೇವರ ಕ್ಷಮೆ. ಸುತ್ತಿ ಸುತ್ತಿ ಅದೇ ಮಾತು. ಈ ಭಾಗ ಓದಲು ಭಾರ. ಆದರೆ ಬಿಟ್ಟು ಹೋಗಬೇಡಿ, ಯಾಕೆಂದರೆ ತಪ್ಪು ಮಾಡಿದವರು ಯಾರೋ, ಕ್ಷಮೆ ಕೇಳುತ್ತಿರುವವಳು ಇವಳು ಅನ್ನುವುದು ಮನಸ್ಸಿಗೆ ಬರುವುದು ಆ ಪ್ರಾರ್ಥನೆಗಳ ಉದ್ದದಿಂದಲೇ.

ಕೊನೆಯ ಮಾತು, ನನ್ನ ಆತ್ಮದ ಗತಿ ಏನಾಗುವುದೋ. ಅಲ್ಲಿಗೆ ದಾರ ನಿಂತಿದೆ. ಕೆಳಗೆ ಬಟ್ಟೆ ಖಾಲಿ.

ಈಗ ಸೋಶಿಯಲ್ ಮೀಡಿಯಾ ವಿಷಯಕ್ಕೆ ಬರುತ್ತೇನೆ. ಈ ಬಟ್ಟೆಯ ಫೋಟೋ ಆಗಾಗ ಅಲ್ಲಿ ಓಡಾಡುತ್ತಿರುತ್ತದೆ. ಮೊದಲ ಸಾಲು, ಕೊನೆಯ ಸಾಲು, ಎರಡು ಅಳುವ ಮುಖದ ಚಿಹ್ನೆ. ಸಾಯಲು ಹೊರಟ ಹುಡುಗಿಯ ಕೊನೆಯ ಮಾತು ಅಂತ ಕೆಲವರು ಹಾಕಿಬಿಡುತ್ತಾರೆ. ಸಾವಿರಾರು ಜನ ಅಯ್ಯೋ ಅನ್ನುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಎಲಿಜಬೆತ್ ಪಾರ್ಕರ್ ಆಗ ಸಾಯಲಿಲ್ಲ. ಅದೇ ಆಶ್‌ಬರ್ನ್‌ಹ್ಯಾಮ್‌ನಲ್ಲಿ ಬದುಕಿದಳು. ಟೀಚರ್ ಆದಳು. 1889ರಲ್ಲಿ, 76ನೇ ವಯಸ್ಸಿನಲ್ಲಿ ತೀರಿಕೊಂಡಳು. ಹೊಲಿದಾಗ ಅವಳಿಗೆ ಹದಿನೇಳರ ಆಸುಪಾಸು. ಅಂದರೆ ಕೆಂಪು ದಾರ ನಿಂತ ಮೇಲೆ ಸುಮಾರು 60 ವರ್ಷ ಆಯುಷ್ಯ ಇತ್ತು. ಆ 60 ವರ್ಷವನ್ನು ಕತ್ತರಿಸಿ ಬರೀ ಕಣ್ಣೀರಿನ ಭಾಗವನ್ನು ಹಂಚುವುದು ಅವಳಿಗೆ ಮಾಡುವ ಅನ್ಯಾಯ ಅಲ್ವಾ? ಹತಾಶೆಯಲ್ಲಿರುವ ಯಾವುದೋ ಹುಡುಗಿ ಅದನ್ನು ಓದಿದರೆ ಅವಳಿಗೆ ಸಿಗಬೇಕಾದದ್ದು ಆ ಉಳಿದ ಅರ್ಧ ಕಥೆ.

ಮ್ಯೂಸಿಯಂನ ದಾಖಲೆಯನ್ನು ನಾನು ಇಷ್ಟು ಹೊಗಳುವುದಕ್ಕೆ ಇದೂ ಒಂದು ಕಾರಣ. ಬಟ್ಟೆ, ಬಟ್ಟೆಯ ಮೇಲಿನ ಪೂರ್ತಿ ಮಾತು, ಅವಳ ಬದುಕಿನ ವಿವರ, ಮೂರೂ ಒಂದೇ ಕಡೆ ಸಿಗುತ್ತವೆ. ತುಣುಕು ಮಾಡಿಲ್ಲ. ಖಾಲಿ ಉಳಿದ ಬಟ್ಟೆಯನ್ನೂ ಚಿತ್ರದಲ್ಲಿ ಉಳಿಸಿದ್ದಾರೆ, ಅದನ್ನು ಕತ್ತರಿಸಿ ಬರಹವನ್ನಷ್ಟೇ ತೋರಿಸಿದರೆ ಅವಳು ಎಲ್ಲಿ ನಿಲ್ಲಿಸಿದಳು ಅನ್ನುವುದೇ ತಿಳಿಯುವುದಿಲ್ಲ.

ಇನ್ನೊಂದು ಮಾತು, ಇದನ್ನು ಹೊಲಿಗೆ ಬಲ್ಲವರು ಚೆನ್ನಾಗಿ ಒಪ್ಪುತ್ತಾರೆ. ಬಡ ಹುಡುಗಿಯರಿಗೆ ಈ ಕ್ರಾಸ್ ಸ್ಟಿಚ್ ಕಲಿಸುತ್ತಿದ್ದದ್ದು ಯಾಕೆ ಗೊತ್ತಾ? ದೊಡ್ಡ ಮನೆಗಳ ಹಾಸಿಗೆ ಹೊದಿಕೆ, ಟವೆಲ್ಲು, ಮೇಜುಬಟ್ಟೆ, ಎಲ್ಲದರ ಮೂಲೆಯಲ್ಲಿ ಯಜಮಾನರ ಹೆಸರಿನ ಮೊದಲ ಅಕ್ಷರ ಮತ್ತು ಒಂದು ಸಂಖ್ಯೆ ಹೊಲಿಯಬೇಕಿತ್ತು. ಒಗೆಯಲು ಹೋದದ್ದು ಲೆಕ್ಕ ಸರಿಯಾಗಿ ವಾಪಸ್ ಬರಬೇಕು, ಒಂದೇ ಹೊದಿಕೆ ಮತ್ತೆ ಮತ್ತೆ ಬಳಸಿ ಸವೆಯಬಾರದು, ಅದಕ್ಕೆ. ಆ ಗುರುತು ಹಾಕಲು ಕೆಂಪು ದಾರ ಬಹಳ ರೂಢಿಯಲ್ಲಿತ್ತು. ಧರ್ಮದ ಶಾಲೆಗಳಲ್ಲಿ ಹುಡುಗಿಯರಿಗೆ ಓದು ಕಲಿಸುತ್ತಿದ್ದರು, ಸೂಜಿ ಕೆಲಸ ಕಲಿಸುತ್ತಿದ್ದರು. ಪೆನ್ನು ಹಿಡಿದು ಬರೆಯುವುದು ಎಷ್ಟೋ ಹುಡುಗಿಯರಿಗೆ ಸಿಗುತ್ತಲೇ ಇರಲಿಲ್ಲ. ಮನೆಕೆಲಸದವಳಿಗೆ ಅದು ಬೇಕಿಲ್ಲ ಅನ್ನುವ ಲೆಕ್ಕ. ಓದಲು ಬಂದರೂ ಬರೆಯಲು ಬಾರದವರು ಹೀಗೆ ತಯಾರಾಗುತ್ತಿದ್ದರು.

ಈಗ ಮತ್ತೆ ಆ ಬಟ್ಟೆ ನೋಡಿ. ಯಾರನ್ನೋ ಒಳ್ಳೆಯ ಆಳು ಮಾಡಲು ಕಲಿಸಿದ ಹೊಲಿಗೆ, ಅದೇ ಕೆಂಪು ಬಣ್ಣ, ಅದೇ ಅಡ್ಡ ಗೆರೆ. ಯಜಮಾನರ ಹೆಸರುಗಳೂ ಇವೆ, ಮೊದಲ ಅಕ್ಷರ ಮಾತ್ರ: ಲೆಫ್ಟಿನೆಂಟ್ ಜಿ, ಕರ್ನಲ್ ಪಿ. ಹೊದಿಕೆಯ ಮೂಲೆಯಲ್ಲಿ ಹೊಲಿಯುತ್ತಿದ್ದ ಥರವೇ. ಆದರೆ ಇಲ್ಲಿ ಆ ಅಕ್ಷರದ ಪಕ್ಕದಲ್ಲಿ ಸಂಖ್ಯೆ ಇಲ್ಲ, ಆ ಮನೆಯಲ್ಲಿ ತನಗೆ ಏನಾಯಿತು ಅನ್ನುವುದು ಇದೆ. ನನಗೆ ಬರೆಯಲು ಬರುವುದಿಲ್ಲ ಅಂತ ಹೇಳಿ ಶುರು ಮಾಡಿದವಳು ತನಗೆ ಕೊಟ್ಟಿದ್ದ ಒಂದೇ ವಿದ್ಯೆಯನ್ನು ತನ್ನ ಮಾತಿಗೆ ತಿರುಗಿಸಿಕೊಂಡಳು. ಇದನ್ನು ನೋಡಿ ಬರೀ ಪಾಪ ಅನ್ನುವವರು ಅವಳ ಕೈಚಳಕವನ್ನೂ ಧೈರ್ಯವನ್ನೂ ನೋಡಿಲ್ಲ ಅನ್ನುತ್ತೇನೆ. ಮನೆಯವರಿಗೂ ಹೇಳದ ವಿಷಯ ಇದು. ಹೊಲಿದು ಇಟ್ಟ ಮೇಲೆ ಸುಲಭಕ್ಕೆ ಅಳಿಸಲಾಗದು.

ಯಾರಿಗಾಗಿ ಹೊಲಿದಳು? ಆ ಮೊದಲ ಸಾಲಿನ ಆಪ್ತರು ಯಾರು? ಬಟ್ಟೆಯಲ್ಲಿ ಹೆಸರಿಲ್ಲ. ದೇವರು ಅಂತಲೂ ಓದಬಹುದು, ಡಾಕ್ಟರ್ ಅಂತಲೂ ಓದಬಹುದು. ನನ್ನ ಓದಿನಲ್ಲಿ ಅವಳು ಆ ಜಾಗವನ್ನು ಬೇಕೆಂದೇ ಬಿಟ್ಟಿದ್ದಾಳೆ, ಸಹನೆ ಇಟ್ಟುಕೊಂಡು ಕೂತು ಓದುವ ಯಾರೇ ಆದರೂ ಅಲ್ಲಿ ಕೂರಬಹುದು. ಅದಕ್ಕೇ ಈ ಬರಹವನ್ನು ಓಡೋಡಿ ಓದಬಾರದು.

ಬಳಸುವವರಿಗೆ ಕೆಲವು ಸಲಹೆ. ಮೊಬೈಲಿನಲ್ಲಿ ತೆರೆದರೆ ಅಕ್ಷರ ತೀರ ಸಣ್ಣದು, ಬಟ್ಟೆ ಬರೀ ಕೆಂಪು ಗೀಚಿನ ಹಾಗೆ ಕಾಣುತ್ತದೆ. ಕಂಪ್ಯೂಟರ್ ಇದ್ದರೆ ಅದರಲ್ಲೇ ತೆರೆಯಿರಿ. ಮೊದಲು ಅಕ್ಷರಕ್ಕಿಳಿಸಿದ ಪಠ್ಯ ಓದಿ, ಆಮೇಲೆ ಚಿತ್ರ ಹಿಗ್ಗಿಸಿ ಹೊಲಿಗೆಯಲ್ಲಿ ಅದೇ ಪದಗಳನ್ನು ಹುಡುಕಿ. ಫೇರ್‌ಲೈಟ್ ಅನ್ನುವ ಪದ ಸಿಕ್ಕರೆ ಸಾಕು, ಮುಂದಿನ ಸಾಲುಗಳು ತಾನಾಗಿ ಓದಿಸಿಕೊಳ್ಳುತ್ತವೆ. ಪರದೆಯಲ್ಲಿ ಗಾತ್ರದ ಅಂದಾಜು ಸಿಗುವುದಿಲ್ಲ, ಯಾವ ಮ್ಯೂಸಿಯಂನ ಯಾವ ಚಿತ್ರಕ್ಕೂ ಇರುವ ಕೊರತೆ ಇದು. ಹಾಗಾಗಿ ಟೇಪ್ ತಗೊಂಡು ಮೇಜಿನ ಮೇಲೆ 74.4ಕ್ಕೆ 85.8 ಅಳೆದು ಗುರುತು ಮಾಡಿಕೊಳ್ಳಿ, ಆಗ ಇದು ಎಂಥ ದೊಡ್ಡ ಕೆಲಸ, ಅಕ್ಷರ ಎಂಥ ಸಣ್ಣದು, ಎರಡೂ ಒಟ್ಟಿಗೆ ತಿಳಿಯುತ್ತದೆ. ಸ್ವಂತ ಓದಿಗೆ ಚಿತ್ರ ಇಳಿಸಿಕೊಳ್ಳಬಹುದು, ವ್ಯಾಪಾರಕ್ಕೆ ಬಳಸುವಂತಿಲ್ಲ. ಹೊಲಿಗೆ ಕಲಿಸುವವರು ದೊಡ್ಡ ಮಕ್ಕಳಿಗೆ ಇದನ್ನು ತೋರಿಸುವುದಾದರೆ ಮೊದಲು ತಾವು ಪೂರ್ತಿ ಓದಿಕೊಂಡು, ಅವಳು ಟೀಚರ್ ಆಗಿ ಬಾಳಿದ ಕಥೆಯನ್ನೂ ಸೇರಿಸಿ ಹೇಳಿ. ಚಿಕ್ಕ ಮಕ್ಕಳಿಗೆ ಬೇಡ.

ಅಂಕ ಕೊಡಬೇಕಾದರೆ ಐದಕ್ಕೆ ಐದು, ಯೋಚನೆ ಮಾಡುವ ಮಾತೇ ಇಲ್ಲ.

ಅದೇ ಸಂಗ್ರಹದಲ್ಲಿ ಇನ್ನೆರಡು ನೋಡಿದರೆ ಈ ಬಟ್ಟೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಜೇನ್ ಬೋಸ್ಟಾಕ್ 1598ರಲ್ಲಿ ಹೊಲಿದದ್ದು, ಬ್ರಿಟನ್ನಿನಲ್ಲಿ ವರ್ಷ ನಮೂದಾಗಿರುವ ಅತಿ ಹಳೆಯ ಸ್ಯಾಂಪ್ಲರ್. ಆಲಿಸ್ ಲೀ ಎಂಬ ಮಗು 1596ರ ನವೆಂಬರ್ 23, ಮಂಗಳವಾರ ಮಧ್ಯಾಹ್ನ ಹುಟ್ಟಿತು ಅಂತ ಅದರಲ್ಲಿ ಹೊಲಿದಿದೆ. ಬಟ್ಟೆಯ ಮೇಲೆ ಒಬ್ಬರ ಬದುಕಿನ ಸುದ್ದಿ ಬರೆಯುವುದು ಎಲಿಜಬೆತ್‌ಗಿಂತ ಇನ್ನೂರು ಚಿಲ್ಲರೆ ವರ್ಷ ಮೊದಲೇ ಇತ್ತು ಅಂತ ಆಯಿತು, ಆದರೆ ಅದು ಸಂತೋಷದ ಸುದ್ದಿ, ಒಂದೇ ಮಾತು. ಇನ್ನೊಂದು 1660ರಲ್ಲಿ ಹುಟ್ಟಿದ ಮಾರ್ಥಾ ಎಡ್ಲಿನ್ ಮಾಡಿದ ಕೆಲಸಗಳು. ಉಳ್ಳವರ ಮನೆಯ ಹುಡುಗಿ. ಎಂಟನೇ ವಯಸ್ಸಿಗೆ ಬಣ್ಣಬಣ್ಣದ ಸ್ಯಾಂಪ್ಲರ್, ಹನ್ನೊಂದಕ್ಕೆ ಇಡೀ ಒಂದು ಪೆಟ್ಟಿಗೆಗೆ ಕಸೂತಿ ಹೊದಿಕೆ. ಅವಳ ಕೈಕೆಲಸವನ್ನು ಮನೆಯ ಹೆಣ್ಣುಮಕ್ಕಳು ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಮುನ್ನೂರು ವರ್ಷ ಜೋಪಾನ ಮಾಡಿದರು. ಎಲಿಜಬೆತ್ ಬಟ್ಟೆಗೆ ಬಣ್ಣಬಣ್ಣದ ದಾರ ಇರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ, ಆದರೂ ಅದು ಉಳಿದು 1956ರಲ್ಲಿ ಮ್ಯೂಸಿಯಂ ಸೇರಿತು. ಮೊದಲು ಮಾರ್ಥಾಳದ್ದು ನೋಡಿ, ಆಮೇಲೆ ಎಲಿಜಬೆತ್‌ಳದ್ದು. ಆ ಕ್ರಮದಲ್ಲಿ ನೋಡಿದವರಿಗೆ ನನ್ನಷ್ಟು ವಿವರಣೆ ಬೇಕಾಗುವುದಿಲ್ಲ.